ಐರಿಡಿಯಂ ಪ್ಲಗ್, ಹಳೇ ಗ್ಯಾಸ್ ಪಿಕಪ್, 38 ಸಾವಿರ ಕಿಲೋಮೀಟರ್: ಒಂದೇ ಸ್ಟಾರ್ ಕೊಡೋಣ ಅಂತ ಕೂತಿದ್ದೆ

ನಿಜ ಹೇಳ್ಬೇಕಂದ್ರೆ ಈ ರಿವ್ಯೂ ಶುರು ಮಾಡಿದ್ದೇ ಬೈಯೋಕೆ. ಇಂಜಿನ್ ಒಳಗೆ ಕಿಡಿ ಹಾರಿಸೋ ಸ್ಪಾರ್ಕ್ ಪ್ಲಗ್ಗು, ತುದಿ ಐರಿಡಿಯಂ ಲೋಹದ್ದು, ಒಂದೊಂದಕ್ಕೆ 620 ರೂಪಾಯಿ, ನಾಲ್ಕಕ್ಕೆ 2,480, ಅಷ್ಟು ದುಡ್ಡಿಗೆ ಮಾಮೂಲಿ ನಿಕ್ಕಲ್ ಪ್ಲಗ್ಗು ನಾಲ್ಕು ಸೆಟ್ ಬರ್ತಿತ್ತು. ಅಂಗಡಿಯವ್ನು ಹಾಕ್ಸಿ ಮರ್ತುಬಿಡಿ ಸಾರ್ ಅಂದ. ನಾನೂ ಮರ್ತೇ ಬಿಟ್ಟಿದ್ದೆ, 35 ಸಾವಿರ ದಾಟ್ತಿದ್ದಂಗೆ ಅವೇ ನೆನಪು ಮಾಡಿದ್ವು.

ಗಾಡಿ ಬಗ್ಗೆ ಜಾಸ್ತಿ ಹೇಳಲ್ಲ. ನಾಲ್ಕು ಸಿಲಿಂಡರಿನ ಚಿಕ್ಕ ಪಿಕಪ್, ಪೆಟ್ರೋಲ್ ಪ್ಲಸ್ ಸಿಎನ್‌ಜಿ, ಎರಡು ಲಕ್ಷ ಕಿಲೋಮೀಟರ್ ಮೇಲೆ ಓಡಿದೆ, ನನ್ನ ಕೈಗೆ ಬಂದಾಗ್ಲೇ ಸೆಕೆಂಡ್ ಹ್ಯಾಂಡು. ವಾರಕ್ಕೆ ಮೂರು ದಿನ ತುಮಕೂರು ಕಡೆಯಿಂದ ಸೇವಂತಿಗೆ ತುಂಬ್ಕೊಂಡು ರಾತ್ರಿ ಎರಡಕ್ಕೆ ಹೊರಟು ಕೆ.ಆರ್. ಮಾರ್ಕೆಟ್‌ಗೆ ಹೋಗ್ತೀನಿ. ಹೂವು ಕಾಯಲ್ಲ, ಅರ್ಧ ಗಂಟೆ ಲೇಟಾದ್ರೆ ರೇಟ್ ಬಿದ್ದೋಗುತ್ತೆ, ಹಂಗಾಗಿ ದಾರೀಲಿ ಇಂಜಿನ್ ಒಂದ್ಸಲ ಕೆಮ್ಮಿದ್ರೂ ನನ್ನ ಹೊಟ್ಟೆ ಕಲಸುತ್ತೆ.

ಕೆಮ್ಮಿದ್ದು ಜುಲೈನಲ್ಲಿ. ಜಿಟಿಜಿಟಿ ಮಳೆ, ದಾಬಸ್‌ಪೇಟೆ ಫ್ಲೈಓವರ್ ಏರ್ತಾ ಇದೀನಿ, ಫೋರ್ತ್ ಗೇರು, ಆಕ್ಸಿಲರೇಟರ್ ಒತ್ತಿದ್ರೆ ಹಿಂದಿಂದ ಯಾರೋ ಬಾಲ ಹಿಡ್ಕೊಂಡು ಜಗ್ಗಿದಂಗೆ ಜರ್ಕು, ಪಿಕಪ್‌ಗೆ ಪಿಕಪ್ಪೇ ಇಲ್ಲ. ಚೆಕ್ ಇಂಜಿನ್ ಲೈಟು ಮಿಣಮಿಣ ಅಂತಿದೆ. (ಅದು ಸುಮ್ನೆ ಉರೀತಾ ಇದ್ರೆ ಮನೆ ತನಕ ಹೋಗಬಹುದು, ಮಿಣುಕ್ತಿದ್ರೆ ಸುಡದೇ ಇರೋ ಇಂಧನ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ನ ಸುಡುತ್ತೆ, ಎಳೀಬೇಡಿ.) ಸುಮ್ನೆ ಪೆಟ್ರೋಲ್‌ಗೆ ಸ್ವಿಚ್ ಮಾಡ್ದೆ ನೋಡಿ, ಏನೂ ಆಗೇ ಇಲ್ಲ ಅನ್ನೋ ಥರ ಬೆಣ್ಣೆ ಬೆಣ್ಣೆ ಓಡ್ತು.

ಇಲ್ಲೇ ಎಲ್ಲರೂ ದಾರಿ ತಪ್ಪೋದು. ಪೆಟ್ರೋಲಲ್ಲಿ ಸರಿ, ಗ್ಯಾಸಲ್ಲಿ ಮಿಸ್ಸಿಂಗು (ಸಿಲಿಂಡರಲ್ಲಿ ಇಂಧನ ಸರಿಯಾಗಿ ಹತ್ತದೇ ಇರೋದು), ಅಂದ್ಮೇಲೆ ಗ್ಯಾಸ್ ಕಿಟ್ಟೇ ಕೆಟ್ಟಿರ್ಬೇಕು ಅಂತ. ಗ್ಯಾರೇಜಲ್ಲೂ ಅದೇ, "ಅಣ್ಣ, ಕಿಟ್ ಪ್ರಾಬ್ಲಮ್ಮೇ ಇದು" ಅಂದು ಗ್ಯಾಸ್ ಫಿಲ್ಟರ್ ಬದಲಾಯಿಸ್ದ, ಇಂಜೆಕ್ಟರ್ ಕ್ಲೀನ್ ಮಾಡ್ದ, 2,150 ಬಿಲ್ಲು. ಎರಡು ದಿನ ಬಿಸಿಲಿತ್ತು, ಸರಿ ಹೋಯ್ತು ಅನ್ಕೊಂಡೆ. ಮೂರನೇ ರಾತ್ರಿ ಮಳೆ, ಮತ್ತೆ ಅದೇ ಕಥೆ. ಆಮೇಲೆ ಓದಿ ತಿಳ್ಕೊಂಡಿದ್ದು ಏನಂದ್ರೆ, ಸಿಎನ್‌ಜಿ ಹತ್ತಿಸೋಕೆ ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು, ಲೋಡ್ ಬಿದ್ದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತಲ್ಲ ಆಗ ಇನ್ನೂ ಜಾಸ್ತಿ ಬೇಕು, ಸಾವಿರಾರು ವೋಲ್ಟು. ಪ್ಲಗ್ಗೋ, ಅದಕ್ಕೆ ಆ ವೋಲ್ಟೇಜ್ ಕೊಡೋ ಕಾಯಿಲ್ಲೋ ಸ್ವಲ್ಪ ವೀಕಾಗಿದ್ರೂ ಪೆಟ್ರೋಲಲ್ಲಿ ಮುಚ್ಚಿಹೋಗುತ್ತೆ, ಗ್ಯಾಸಲ್ಲಿ, ಅದೂ ದಿಬ್ಬ ಏರೋವಾಗ ಬಯಲಾಗುತ್ತೆ. ಕಿಟ್ ಕೆಟ್ಟಿಲ್ಲ, ಅದು ಚಾಡಿ ಹೇಳ್ತಿದೆ ಅಷ್ಟೇ.

ಭಾನುವಾರ ಸಾಯಂಕಾಲ ಇಂಜಿನ್ ಪೂರ್ತಿ ಆರಿದ್ಮೇಲೆ ನಾನೇ ಕೂತೆ. ಬಿಸಿ ಇದ್ದಾಗ ಪ್ಲಗ್ ಬಿಚ್ಚಬೇಡಿ, ಪ್ಲಗ್ ಕೂರೋ ಇಂಜಿನ್ ಹೆಡ್ಡು ಅಲ್ಯೂಮಿನಿಯಂದು, ಥ್ರೆಡ್ ಕಿತ್ಕೊಂಡು ಬಂದ್ರೆ ಪ್ಲಗ್ ಖರ್ಚು ನೆನೆಸ್ಕೊಂಡು ನಗ್ತೀರಾ. ನಮ್ಮ ಗಾಡೀಲಿ ಇಂಜಿನ್ ಇರೋದು ಸೀಟ್ ಕೆಳಗೆ. ಸೀಟ್ ಎತ್ತಿದ್ರೆ ಮೊದ್ಲು ಸಿಗೋದು ಒಣಗಿದ ಸೇವಂತಿಗೆ ಎಸಳು, ಚಿಲ್ಲರೆ ಕಾಸು, ಮಗಳ ಒಂದು ಕ್ಲಿಪ್ಪು. ಅದೆಲ್ಲ ತೆಗ್ದು, ಸೈಕಲ್ ಪಂಪಲ್ಲಿ ಪ್ಲಗ್ ಗುಂಡಿ ಸುತ್ತ ಇರೋ ಧೂಳು ಊದಿ ಆಮೇಲೆ ಕೈ ಹಾಕೋದು. ಇಲ್ಲಾಂದ್ರೆ ಪ್ಲಗ್ ತೆಗೀತಿದ್ದಂಗೆ ಆ ಮರಳೆಲ್ಲ ಸೀದಾ ಸಿಲಿಂಡರ್‌ಗೆ.

ನನ್ನ ಹತ್ರ 700 ರೂಪಾಯಿದು ಒಂದು ಬ್ಲೂಟೂತ್ ಸ್ಕ್ಯಾನರ್ ಇದೆ, ಫೋನಲ್ಲಿ ಪಿ0303 ಅಂತ ತೋರಿಸ್ತು, ಅಂದ್ರೆ ಮೂರನೇ ಸಿಲಿಂಡರ್ ಮಿಸ್ಸಾಗ್ತಿದೆ. ಯಾಕೆ ಅಂತ ಅದು ಹೇಳಲ್ಲ. ಮೊದ್ಲು ಮೂರರ ಕಾಯಿಲ್ ಒಂದಕ್ಕೆ ಹಾಕಿ, ಒಂದರದ್ದು ಮೂರಕ್ಕೆ ಹಾಕಿ, ಕೋಡ್ ಅಳಿಸಿ, ಎರಡು ಮೂಟೆ ಗೊಬ್ಬರ ಹೇರ್ಕೊಂಡು ಊರಾಚೆ ಏರಲ್ಲಿ ಗ್ಯಾಸಲ್ಲೇ ಓಡಿಸ್ದೆ. ಮತ್ತೆ 0303. ಅಂದ್ರೆ ಕಾಯಿಲ್ ಪಾಪದ್ದು. ವಾಪಸ್ ಬಂದು ಕಾಯಿಲ್‌ಗಳನ್ನ ಅವುಗಳ ಜಾಗಕ್ಕೆ ಹಾಕಿ, ಪ್ಲಗ್ಗು ಮಾತ್ರ ಅದಲು ಬದಲು ಮಾಡ್ದೆ. ಈ ಸಲ 0301. ಕಾಯಿಲೆ ಪ್ಲಗ್ ಜೊತೇಲೇ ನಡ್ಕೊಂಡು ಮೂರರಿಂದ ಒಂದಕ್ಕೆ ಬಂದಿತ್ತು. ಹೊಸ ಪಾರ್ಟ್‌ಗೆ ಒಂದು ರೂಪಾಯಿ ಖರ್ಚಿಲ್ಲ, ಎರಡು ಗಂಟೆ ಕೆಲಸ. ಆ ಖುಷಿ ಏನ್ ಹೇಳಲಿ, ಕಳ್ಳನ್ನ ನಾನೇ ಹಿಡಿದಂಗೆ.

ಪ್ಲಗ್ ಬಿಚ್ಚಿ ಟ್ಯೂಬ್‌ಲೈಟ್ ಕೆಳಗೆ ಹಿಡಿದೆ. ನಮ್ಮಪ್ಪ ಸ್ಕೂಟರ್ ಕಾಲದಲ್ಲಿ ಪ್ಲಗ್ ಮೂತಿ ನೋಡಿ ಜಾತಕ ಹೇಳೋರು. ತಿಳಿ ಕಂದು ಇದ್ರೆ ಆರೋಗ್ಯ, ಒಣ ಮಸಿ ಇದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಒದ್ದೆ ಎಣ್ಣೆ ಇದ್ರೆ ಆಯಿಲ್ ಕುಡೀತಿದೆ, ಸುಣ್ಣದ ಥರ ಬೆಳ್ಳಗೆ ಬೊಬ್ಬೆ ಎದ್ದಿದ್ರೆ ಓವರ್‌ಹೀಟು. ಟೂ ಸ್ಟ್ರೋಕ್ ಸ್ಕೂಟರ್ ಅಲ್ವಾ, ಡಿಕ್ಕೀಲಿ ಒಂದು ಸ್ಪೇರ್ ಪ್ಲಗ್ಗು, ಮಡಚಿದ ಎಮರಿ ಪೇಪರ್ರು ಯಾವಾಗ್ಲೂ ಇರೋದು, ಮದುವೆಗೆ ಹೋಗೋವಾಗ ಬಿಳಿ ಪಂಚೆ ಉಟ್ಕೊಂಡೂ ರಸ್ತೆ ಪಕ್ಕ ಕೂತು ಉಜ್ಜೋರು. ಆದ್ರೆ ಗ್ಯಾಸ್ ಗಾಡೀಲಿ ಈ ಜಾತಕ ಅಷ್ಟಾಗಿ ನಡಿಯಲ್ಲ, ಗ್ಯಾಸ್ ಮಸಿ ಬಿಡೋದೇ ಕಮ್ಮಿ, ಮೂತಿ ಯಾವಾಗ್ಲೂ ಕ್ಲೀನಾಗೇ ಇರುತ್ತೆ. ಐರಿಡಿಯಂ ತುದಿಗೆ ಎಮರಿ ಪೇಪರ್ ಅಂತೂ ಹಚ್ಚಲೇಬೇಡಿ, ಸೂಜಿ ಥರ ಇರೋದು, ಹಾಳಾಗುತ್ತೆ.

ನಂದೂ ಕ್ಲೀನಾಗಿತ್ತು. ಮೇಲೆ ನೋಡಿದ್ರೆ ಬಿಳೀ ಪಿಂಗಾಣಿ ಮೇಲೆ, ಕಬ್ಬಿಣ ಶುರುವಾಗೋ ಜಾಗದಲ್ಲಿ ಕಂದು ಬಣ್ಣದ ಒಂದು ಉಂಗುರ. ಸಿಕ್ತು, ಲೀಕೇಜು, ಡುಪ್ಲಿಕೇಟ್ ಮಾಲು ಅಂತ ಅಲ್ಲೇ ಕೂತು ಫೋನಲ್ಲಿ ಈ ರಿವ್ಯೂನ ಮೊದಲ ಆವೃತ್ತಿ ಟೈಪ್ ಮಾಡ್ದೆ, ಒಂದು ಸ್ಟಾರು, ಏನೇನೋ ಬೈಗುಳ. ಪುಣ್ಯಕ್ಕೆ ಪೋಸ್ಟ್ ಮಾಡೋಕೆ ಮುಂಚೆ ಉಳಿದ ಮೂರೂ ನೋಡ್ದೆ, ಎಲ್ಲದಕ್ಕೂ ಅದೇ ಉಂಗುರ. ಅದು ಕರೋನಾ ಸ್ಟೇನ್ ಅಂತೆ (ಆ ಕರೋನಾ ಅಲ್ಲ), ಹೈ ವೋಲ್ಟೇಜ್‌ಗೆ ಸುತ್ತಲಿನ ಎಣ್ಣೆ ಧೂಳು ಬಂದು ಅಂಟೋದು, ದೋಷ ಅಲ್ಲವೇ ಅಲ್ಲ. ಅದನ್ನ ನೋಡಿ ಎಷ್ಟು ಜನ ಒಳ್ಳೇ ಪ್ಲಗ್ ಎಸೆದಿದಾರೋ.

ನಿಜವಾದ್ದು ಇನ್ನೊಂದು ಕಡೆ ಇತ್ತು. ಪ್ಲಗ್ ತಿರುಗಿಸ್ತಾ ಇದ್ದಾಗ ಪಿಂಗಾಣಿ ಮೇಲೆ ಉದ್ದಕ್ಕೆ ಪೆನ್ಸಿಲ್ಲಲ್ಲಿ ಎಳೆದಂಗೆ ಒಂದು ಕಪ್ಪು ಗೆರೆ, ಉಗುರಲ್ಲಿ ಸವರಿದ್ರೆ ಸಣ್ಣಗೆ ತಡೀತು. ಸೀಳು. ಮೂರನೇ ಕಾಯಿಲಿನ ರಬ್ಬರ್ ಒಳಗೆ ಟಾರ್ಚ್ ಬಿಟ್ರೆ ಅದಕ್ಕೆ ಎದುರಿಗೇ ಅಂಥದ್ದೇ ಗೆರೆ. ಕರೆಂಟು ಕೆಳಗೆ ಹೋಗಿ ಕಿಡಿ ಹಾರಿಸೋ ಬದ್ಲು ಹೊರಗಡೆಯಿಂದಾನೇ ಜಾರಿ ಹೆಡ್‌ಗೆ ಹೋಗ್ತಿತ್ತು, ಮಳೆ ಥಂಡಿ ಸೇರಿದ್ರೆ ಇನ್ನೂ ಸಲೀಸು. ಈ ಥರ ಆದಾಗ ಕಾಯಿಲಿನ ಆ ರಬ್ಬರ್ ಬೂಟನ್ನೂ ಬದಲಾಯಿಸಿ, ಇಲ್ಲಾಂದ್ರೆ ಹೊಸ ಪ್ಲಗ್‌ಗೂ ಅದೇ ದಾರಿ ತೋರಿಸಿಕೊಡುತ್ತೆ.

ಪಿಂಗಾಣಿ ತಾನಾಗೇ ಸೀಳಲ್ಲ ಅಲ್ವಾ. ಯೋಚನೆ ಮಾಡ್ತಾ ಕೂತಾಗ ಮೇ ತಿಂಗಳು ನೆನಪಾಯ್ತು. ಗಾಡಿ ಚೆನ್ನಾಗೇ ಇತ್ತು, ಐರಿಡಿಯಂ ಹೆಂಗಿದೆ ನೋಡೋಣ ಅನ್ನೋ ಚಪಲಕ್ಕೆ ಬಿಚ್ಚಿದ್ದೆ. ಸರಿಯಾದ ಪ್ಲಗ್ ಸಾಕೆಟ್ ಇರ್ಲಿಲ್ಲ, ಒಳಗೆ ರಬ್ಬರ್ ಇಲ್ಲದ ಮಾಮೂಲಿ ಉದ್ದ ಸಾಕೆಟ್ಟು. ಮೂರನೇದು ಟೈಟ್ ಮಾಡೋವಾಗ ಎಕ್ಸ್‌ಟೆನ್ಷನ್ ವಾಲಿತ್ತು, ಕಟ್ ಅಂತ ಒಂದು ಸಣ್ಣ ಸೌಂಡ್ ಬಂದಿತ್ತು, ಕೂತ್ಕೊಳ್ತು ಅನ್ಕೊಂಡು ಖುಷಿಪಟ್ಟಿದ್ದೆ. ಹೆಂಡತಿಗೆ ಹೇಳಿದ್ರೆ, "ಹಂಗಾದ್ರೆ ಆ ಒಂದು ಸ್ಟಾರ್ ನಿಮಗೇ ಕೊಟ್ಕೊಳ್ಳಿ" ಅಂದ್ಳು.

ಒಂದೇ ಒಂದು ಪ್ಲಗ್ಗು ಒಂದು ಬೂಟು ತಂದು ಹಾಕ್ದೆ. ರಬ್ಬರ್ ಇರೋ ಸಾಕೆಟ್ 280 ರೂಪಾಯಿ. ಈಗ ಮೊದ್ಲು ಬೆರಳಲ್ಲೇ ಪೂರ್ತಿ ತಿರುಗಿಸೋದು, ಹೊಸ ಪ್ಲಗ್ ಆದ್ರೆ ಆಮೇಲೆ ಅರ್ಧ ಸುತ್ತು, ಹಳೇದಾದ್ರೆ ಬರೀ ಚೂರು. ಅದಾದ್ಮೇಲೆ ಮಳೆಗಾಲ ಪೂರ್ತಿ ಓಡಿಸಿದೀನಿ, ಒಟ್ಟು 38 ಸಾವಿರ ಆಯ್ತು, ದಾಬಸ್‌ಪೇಟೆ ಏರಲ್ಲಿ ಫುಲ್ ಲೋಡಲ್ಲೂ ಗ್ಯಾಸಲ್ಲೇ ಎಳೆಯುತ್ತೆ. ಉಳಿದ ಮೂರರ ಗ್ಯಾಪು (ಕಿಡಿ ಹಾರೋ ಸಂದಿ) ಫೀಲರ್ ಗೇಜಲ್ಲಿ ಅಳೆದು ನೋಡ್ದೆ, ಹೆಚ್ಚು ಸವೆದಿಲ್ಲ. ಹಿಂದಿನ ನಿಕ್ಕಲ್ ಸೆಟ್ ಗ್ಯಾಸಲ್ಲಿ 18 ಸಾವಿರಕ್ಕೇ ಗ್ಯಾಪ್ ಬಾಯ್ಬಿಟ್ಟಿತ್ತು.

ಹಂಗಂತ ಎಲ್ಲರೂ ಐರಿಡಿಯಂ ಹಾಕ್ಸಿ ಅನ್ನಲ್ಲ. ತಿಂಗಳಿಗೆ ಎರಡು ಸಲ ಮೂಟೆ ಹೇರೋ ಗಾಡಿಗೆ ನಿಕ್ಕಲ್ ಸಾಕು, ಮಿಕ್ಕ ದುಡ್ಡಲ್ಲಿ ಟೈರ್ ನೋಡ್ಕೊಳ್ಳಿ. ನನ್ನಂಗೆ ರಾತ್ರಿ ಹೊತ್ತು ಗ್ಯಾಸಲ್ಲೇ ಓಡೋರಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನಾಲ್ಕು ಸ್ಟಾರ್ ಕೊಡ್ತಿದೀನಿ. ಒಂದು ಕಟ್ ಮಾಡಿದ್ದು ಯಾಕಂದ್ರೆ ಡಬ್ಬಿ ಮೇಲೆ ಎಷ್ಟು ಟೈಟ್ ಮಾಡ್ಬೇಕು ಅನ್ನೋದನ್ನ ಅಕ್ಕಿ ಕಾಳಲ್ಲಿ ಅರ್ಧದಷ್ಟು ಚಿತ್ರದಲ್ಲಿ ಹಾಕಿದಾರೆ, ನನಗೆ ಈಗ ನಲವತ್ತೇಳು, ಕನ್ನಡಕ ಹಾಕಿದ್ರೂ ಕಾಣಲ್ಲ.