ಬೆಳ್ಳಿ, ಬಿಳಿ, ಸಿಮೆಂಟ್: ಯಾವ ಫಿಲ್ಲಿಂಗ್ ಎಲ್ಲಿ ಕೈಕೊಡುತ್ತದೆ?

"ಇದು ಹಳೇದಾಯ್ತು, ತೆಗೆದು ಹೊಸದು ಹಾಕೋಣ" ಎಂದು ಡೆಂಟಿಸ್ಟ್ ಹೇಳಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿ ಬಿಟ್ಟಿದೆ, ತೋರಿಸಿ. ವಯಸ್ಸಾಯಿತೆಂದು ಫಿಲ್ಲಿಂಗ್ ಕೀಳುವುದಿಲ್ಲ. ಹಳೆಯದನ್ನು ಕೊರೆದಾಗಲೆಲ್ಲ ಸುತ್ತಲಿನ ಗಟ್ಟಿ ಹಲ್ಲೂ ಚೂರು ಹೋಗುತ್ತದೆ, ಗುಂಡಿ ದೊಡ್ಡದಾಗುತ್ತದೆ, ಗೋಡೆ ತೆಳ್ಳಗಾಗುತ್ತದೆ. ಮೂರನೇ ಸಲಕ್ಕೆ ಕ್ಯಾಪ್ ಮಾತು ಬಂದರೆ ಆಶ್ಚರ್ಯವಿಲ್ಲ. ಅದಕ್ಕೇ ಇಲ್ಲಿ ಫಿಲ್ಲಿಂಗ್‌ಗಳನ್ನು ಅಂದಕ್ಕಿಂತ ಹೆಚ್ಚಾಗಿ ಅವು ಸೋಲುವ ರೀತಿಯಿಂದ ಅಳೆದಿದ್ದೇವೆ.

ಬೆಳ್ಳಿ ಎಂದು ಕರೆಯುವ ಅಮಾಲ್ಗಮ್‌ನಲ್ಲಿ ತೂಕದ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರ. ನೋಡಲು ಕುರೂಪಿ, ದುಡಿಮೆಯಲ್ಲಿ ಗಟ್ಟಿಗ. ಹದಿನೈದು ವರ್ಷ ದಾಟಿದವು ಬೇಕಾದಷ್ಟಿವೆ. ಕಾಲ ಕಳೆದಂತೆ ಇದರ ಅಂಚು ಉದುರಿ ಸಣ್ಣ ಚರಂಡಿಯಂಥ ಗೆರೆ ಬೀಳುತ್ತದೆ. ಡೆಂಟಿಸ್ಟ್ ಹಲ್ಲು ತಡಕುವ ಚೂಪು ಕಡ್ಡಿಯ (ಪ್ರೋಬ್) ಮೊನೆ ಅಲ್ಲಿ ತುಸು ಸಿಕ್ಕಿಕೊಂಡ ಮಾತ್ರಕ್ಕೆ ಹುಳುಕಲ್ಲ, ಲೋಹದ ತುಕ್ಕೇ ಒಳಗಿನ ಸಂದನ್ನು ಮುಚ್ಚಿರುತ್ತದೆ. ಗೆರೆ ಅರ್ಧ ಮಿಲಿಮೀಟರಿನಷ್ಟು ಅಗಲವಾಗಿ ತಳ ಮೆತ್ತಗಿದ್ದರೆ ಮಾತ್ರ ಮಾತು ಬೇರೆ. ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ, ಗುಂಡಿಯ ಆಕಾರದಿಂದಲೇ ಕಚ್ಚಿಕೊಂಡಿರುತ್ತದೆ. ಹಾಗಾಗಿ ಕೋಡುಬಳೆ ಕಡಿದಾಗ ಸೀಳುವುದು ಅದಲ್ಲ, ಪಕ್ಕದ ತೆಳು ಗೋಡೆ. ಕಚ್ಚಿದಾಗಲ್ಲ, ಕಚ್ಚಿ ಬಿಟ್ಟಾಗ ಚುಳ್ ಎಂದರೆ ಬಿರುಕಿನ ಸಂಶಯ. (ಮುದ್ದೆ ನುಂಗುವವರಿಗೆ ಇದು ಕೊಂಚ ತಡವಾಗಿ ಗೊತ್ತಾದೀತು.)

ಪಾದರಸಕ್ಕೆ ಹೆದರಿ ಚೆನ್ನಾಗಿರುವ ಅಮಾಲ್ಗಮ್ ತೆಗೆಸುವುದು ದಂಡ. ಆವಿ ಹೆಚ್ಚಾಗಿ ಏಳುವುದೇ ಕೊರೆಯುವಾಗ. ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಇದರ ಹೊಸ ಬಳಕೆಗೆ ತಡೆ ಹಾಕಿದ್ದು ಪರಿಸರಕ್ಕೆ ಸೇರುವ ಪಾದರಸ ತಗ್ಗಿಸಲು, ಬಾಯಲ್ಲಿರುವುದನ್ನು ಕೀಳಿಸಲು ಅಲ್ಲ.

ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್, ಅಂದರೆ ಬಿಳಿ ಕಾಂಪೋಸಿಟ್, ಚೆಲುವ, ಆದರೆ ನಾಜೂಕು. ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇ. 2-3ರಷ್ಟು ಕುಗ್ಗುತ್ತದೆ. ಆದ್ದರಿಂದ ಸಾಮಾನ್ಯ ಕಾಂಪೋಸಿಟನ್ನು 2 ಮಿ.ಮೀ. ಪದರಗಳಲ್ಲಿ ತುಂಬಿ ಒಂದೊಂದಕ್ಕೂ ಬೆಳಕು ಬಿಡಬೇಕು. ಅದಕ್ಕೂ ಮೊದಲು, ಅಂಟು ಹಿಡಿಯುವಂತೆ ಹಲ್ಲಿನ ಮೇಲ್ಮೈ ಒರಟಾಗಿಸಲು ಶೇ. 37ರ ಫಾಸ್ಫಾರಿಕ್ ಆಮ್ಲ, ತೊಳೆತ, ಅಂಟು. ನಡುವೆ ಒಂದು ತೊಟ್ಟು ಎಂಜಲು ತಗುಲಿದರೂ ಹಿಡಿತ ಕೆಟ್ಟಿತು. ಎಂಜಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ (ರಬ್ಬರ್ ಡ್ಯಾಂ) ಕಟ್ಟಿ ಕೆಲಸ ಮಾಡುವ ಕ್ಲಿನಿಕ್ಕಿಗೆ ನಮ್ಮ ಅಂಕ ಜಾಸ್ತಿ ಇದೇ ಕಾರಣಕ್ಕೆ. ಕೋಲಾರದಂಥ ಫ್ಲೋರೈಡ್ ನೀರಿನ ಕಡೆ ಬೆಳೆದವರ ಕಲೆಬಿದ್ದ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಅಲ್ಲಿ ಇನ್ನಷ್ಟು ಎಚ್ಚರ ಬೇಕು.

ಕಾಂಪೋಸಿಟ್ ಸೋಲುವ ಜಾಗ ಹೆಚ್ಚಾಗಿ ಎರಡು ದವಡೆ ಹಲ್ಲುಗಳ ನಡುವೆ, ಒಸಡಿನ ಪಕ್ಕದ ತಳದಂಚು. ಅಲ್ಲಿ ಎನಾಮಲ್ ತೆಳು, ಬೆಳಕು ದೂರ, ತೇವ ಹತ್ತಿರ. ಕನ್ನಡಿಯಲ್ಲಿ ಕಾಣುವುದಿಲ್ಲ. ಆದರೆ ಫ್ಲಾಸ್ ದಾರ ಹಾಕಿ ಎಳೆದರೆ ಎಳೆ ಬಿಟ್ಟು ಚಿಂದಿಯಾಗಿ ಬರುತ್ತದೆ, ಪ್ರತಿ ಊಟಕ್ಕೂ ಸೊಪ್ಪಿನ ನಾರು ಅದೇ ಸಂದಿಗೆ ಹೋಗಿ ಕೂರುತ್ತದೆ. ಇವೆರಡು ಕಂಡರೆ ಬೈಟ್‌ವಿಂಗ್ ಎಕ್ಸ್-ರೇ (ಕಚ್ಚಿ ಹಿಡಿದು ತೆಗೆಸುವ, ಹಲ್ಲುಗಳ ನಡುವಿನ ಸಂದಿ ತೋರಿಸುವ ಚಿತ್ರ) ತೆಗೆಸಿ. ಅದರಲ್ಲೂ ಒಂದು ಮೋಸವಿದೆ: ಗುಂಡಿಯ ತಳದಲ್ಲಿ ನಿಂತ ಅಂಟು ಕೆಲವೊಮ್ಮೆ ಕಪ್ಪು ಗೆರೆಯಾಗಿ ಹುಳುಕಿನಂತೆಯೇ ಕಾಣುತ್ತದೆ. ಹಳೆಯ ಎಕ್ಸ್-ರೇ ಇದ್ದರೆ ಪಕ್ಕಕ್ಕಿಟ್ಟು ನೋಡಲಿ. ಹುಳುಕಾದರೆ ಬೆಳೆದಿರುತ್ತದೆ, ಅಂಟಾದರೆ ಹಾಗೇ ಇರುತ್ತದೆ.

ಅಂಚಿನ ಕಂದು ಗೆರೆ ಬಹಳ ಸಲ ಕಾಫಿಯದ್ದೋ ಎಲೆಅಡಿಕೆಯದ್ದೋ ಕಲೆ, ಪಾಲಿಶ್‌ಗೆ ಹೋಗುತ್ತದೆ. ಗೆರೆಯಿಂದಾಚೆ ಎನಾಮಲ್ಲಿನಡಿ ಮೋಡದಂತೆ ಹರಡಿದ ನೆರಳು ಹೋಗುವುದಿಲ್ಲ. ಹೊಸ ಫಿಲ್ಲಿಂಗ್ ಎರಡು ಮೂರು ವಾರ ತಣ್ಣೀರಿಗೆ ಜುಂ ಎನ್ನುವುದು ಸಹಜ. ಕಚ್ಚಿದಾಗ ಮಾತ್ರ ನೋವಾದರೆ ಬಹುಶಃ ಎತ್ತರವಾಗಿದೆ: ನೀಲಿ ಕಾಗದ ಕಚ್ಚಿಸಿ ಗುರುತು ಬಿದ್ದಲ್ಲಿ ಸವೆಸಿದರೆ ಐದು ನಿಮಿಷದ ಕೆಲಸ. ತಣ್ಣನೆಯದು ತಾಗಿ ಅರ್ಧ ನಿಮಿಷವಾದರೂ ನೋವು ಇಳಿಯದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ತೊಂದರೆ ಹಲ್ಲಿನ ನರದ್ದು. ಫಿಲ್ಲಿಂಗ್ ಬದಲಿಸಿ ಉಪಯೋಗವಿಲ್ಲ.

ಒಂದು ಮೂಲೆ ಮಾತ್ರ ಮುರಿದಿದ್ದರೆ ಅಷ್ಟನ್ನೇ ಕೊರೆದು ತೇಪೆ ಹಾಕಬಹುದು. ಬಿಲ್ಲು ಸಣ್ಣದು, ಬಹುಶಃ ಅದಕ್ಕೇ ಈ ದಾರಿಯ ಪ್ರಸ್ತಾಪ ಕಡಿಮೆ. ನೀವೇ ಕೇಳಿ. ಸಡಿಲವಾಗಿ ಅಲ್ಲಾಡುವುದು, ಅಡ್ಡ ಸೀಳಿದ್ದು, ಅಡಿಯಲ್ಲಿ ಹುಳುಕು ಹರಡಿದ್ದು: ಇವುಗಳಿಗೆ ತೇಪೆ ಸಾಲದು.

ಸಿಮೆಂಟ್, ಅಂದರೆ ಗ್ಲಾಸ್ ಅಯನೋಮರ್, ಹಲ್ಲಿಗೆ ತಾನಾಗಿ ಅಂಟಿ ಫ್ಲೋರೈಡ್ ಬಿಡುತ್ತದೆ. ಹಾಲುಹಲ್ಲಿಗೆ, ಒಸಡಿನಂಚಿನ ಸವೆತಕ್ಕೆ ಒಳ್ಳೆಯದು. ದವಡೆಯ ಅಗಿಯುವ ಮೇಲ್ಮೈಗೆ ಕಾಯಂ ಎಂದು ಹಾಕಿದರೆ ಸವೆದು ತಗ್ಗಾಗುತ್ತದೆ, ನಾಲಿಗೆಗೆ ಮೆಟ್ಟಿಲು ಸಿಗುತ್ತದೆ. ದ್ರವ ಹೆಚ್ಚಾಗಿ ಕಲಸಿದ ಸಿಮೆಂಟ್ ಇನ್ನೂ ಬೇಗ.

ಇನ್ನು ಲವಂಗದೆಣ್ಣೆ ವಾಸನೆಯ ಬಿಳಿ ತಾತ್ಕಾಲಿಕ ಫಿಲ್ಲಿಂಗ್. ಕೆಡದಿದ್ದರೂ ಬದಲಿಸಲೇಬೇಕಾದದ್ದು ಇದೊಂದೇ, ಜನ ಮರೆಯುವುದೂ ಇದನ್ನೇ. ರೂಟ್ ಕೆನಾಲ್ ಅರ್ಧಕ್ಕೆ ನೋವು ನಿಂತಿತೆಂದು ತಿಂಗಳುಗಟ್ಟಲೆ ಬಿಟ್ಟರೆ ಅಂಚಿನಿಂದ ಎಂಜಲು ಒಳಗಿಳಿದು ಶುಚಿಮಾಡಿದ ನಾಳಕ್ಕೆ ಮತ್ತೆ ಸೋಂಕು ತಗುಲುತ್ತದೆ, ಕೆಲಸ ಮೊದಲಿಂದ. ಕೊಟ್ಟ ತಾರೀಕಿಗೇ ಹೋಗಿ.