ಅನದರ್ ಈಡನ್: ಆರು ವರ್ಷ ಆಡಿದ ಮೇಲೆ ಬರೆದ ವಿಮರ್ಶೆ

2021ರ ಮಾರ್ಚಿನಲ್ಲಿ ನಮಗೆ ಮಗಳು ಹುಟ್ಟಿದಳು. ಅವತ್ತಿಂದ ಹದಿನೈದು ತಿಂಗಳು ನಾನು ಅನದರ್ ಈಡನ್ ಅನ್ನುವ ಈ ಮೊಬೈಲ್ ಗೇಮ್ ಮುಟ್ಟಲಿಲ್ಲ. 2022ರ ಜೂನ್‌ನಲ್ಲಿ ಒಂದು ರಾತ್ರಿ ಮಗು ಎದೆಯ ಮೇಲೆ ಮಲಗಿತ್ತು. ಎದ್ದರೆ ಅಳುತ್ತಾಳೆ, ಅಲ್ಲಾಡುವ ಹಾಗಿಲ್ಲ. ಬಲಗೈ ಒಂದೇ ಖಾಲಿ. ಸುಮ್ನೆ ಫೋನ್ ತೆಗೆದು ಹಳೇ ಐಕಾನ್ ಒತ್ತಿದೆ. ಅಪ್‌ಡೇಟ್ ಇಳಿಯುವುದಕ್ಕೇ ಅರ್ಧ ಗಂಟೆ ಹೋಯಿತು. ಆಮೇಲೆ ನೋಡಿದರೆ, ಆಟದ ನಾಯಕ ಆಲ್ಡೊ ನಾನು ಬಿಟ್ಟು ಹೋದ ಮೀನು ಹಿಡಿಯುವ ದಡದಲ್ಲೇ ನಿಂತಿದ್ದ. ‘ನೀನಿಲ್ಲದಾಗ ಇದೆಲ್ಲ ತಪ್ಪಿಹೋಯ್ತು’ ಅಂತ ಯಾರೂ ಹಂಗಿಸಲಿಲ್ಲ. ಯಾಕೆಂದರೆ ಏನೂ ತಪ್ಪಿರಲಿಲ್ಲ.

ಮೊಬೈಲ್ ಗೇಮ್ ಆಡುವವರಿಗೆ ಇದು ಎಷ್ಟು ಅಪರೂಪ ಅಂತ ಗೊತ್ತಿರುತ್ತೆ. ಈ ಜಾತಿಯ ಜಪಾನಿ ಆಟಗಳಲ್ಲಿ ಸಾಮಾನ್ಯವಾಗಿ ಒಂದು ಹಬ್ಬದ ಈವೆಂಟ್ ಎರಡು ವಾರ ಇರುತ್ತೆ, ಆಮೇಲೆ ಬಾಗಿಲು ಹಾಕುತ್ತೆ. ಆ ಎರಡು ವಾರ ನೀವು ಊರಿಗೆ ಹೋಗಿದ್ದರೆ, ಜ್ವರ ಬಂದು ಮಲಗಿದ್ದರೆ, ಹೋಯ್ತು. ಜೊತೆಗೆ ಸ್ಟ್ಯಾಮಿನಾ ಅಂತ ಒಂದು ಮೀಟರ್. ಹತ್ತು ನಿಮಿಷ ಆಡಿದರೆ ಖಾಲಿ. ಮತ್ತೆ ತುಂಬುವ ತನಕ ಕಾಯಬೇಕು, ಇಲ್ಲಾ ದುಡ್ಡು ಕೊಡಬೇಕು. ಅನದರ್ ಈಡನ್‌ನಲ್ಲಿ ಸ್ಟ್ಯಾಮಿನಾ ಇಲ್ಲ. ಕಥೆಯ ಭಾಗ ಒಮ್ಮೆ ಬಂದರೆ ಅಲ್ಲೇ ಇರುತ್ತೆ. ಪಾತ್ರ ಕೊಳ್ಳುವ, ಕೆಲವೇ ದಿನ ಇರುವ ಮಾರಾಟದ ಬ್ಯಾನರ್‌ಗಳು ಬಂದು ಹೋಗುತ್ತವೆ, ಅದು ಬೇರೆ ವಿಷಯ, ಆಮೇಲೆ ಹೇಳುತ್ತೇನೆ. ಆದರೆ ಕಥೆ ನಿಮಗಾಗಿ ಕಾಯುತ್ತೆ. ಆರು ವರ್ಷ ನಾನು ಇದಕ್ಕೆ ಅಂಟಿಕೊಂಡಿರುವುದಕ್ಕೆ ನಿಜವಾದ ಕಾರಣ ಇದೊಂದೇ.

ಶುರು ಮಾಡಿದ್ದು 2019ರ ಫೆಬ್ರವರಿಯಲ್ಲಿ. ಆಗ ದಿನಾ ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಿಂದ ನ್ಯೂಯಾರ್ಕಿಗೆ ರೈಲಿನಲ್ಲಿ ಓಡಾಡುತ್ತಿದ್ದೆ. ಒಂದು ದಿಕ್ಕಿಗೆ ಹೆಚ್ಚುಕಡಿಮೆ ಒಂದು ಗಂಟೆ. ಜಪಾನಿನಲ್ಲಿ ಈ ಆಟ 2017ರ ಏಪ್ರಿಲ್‌ನಲ್ಲೇ ಬಂದಿತ್ತು. ಇಂಗ್ಲಿಷ್ ಆವೃತ್ತಿ ಇಲ್ಲಿಗೆ ಬಂದದ್ದು 2019ರ ಜನವರಿ ಕೊನೆಗೆ. ಮಾಡಿದವರು ರೈಟ್ ಫ್ಲೈಯರ್ ಸ್ಟುಡಿಯೋಸ್, ಜಪಾನಿನ ಗ್ರೀ ಕಂಪನಿಯ ಕೈಕೆಳಗಿನ ಸಂಸ್ಥೆ. ನನ್ನನ್ನು ಎಳೆದದ್ದು ಕಂಪನಿಯ ಹೆಸರಲ್ಲ, ಕಥೆ ಬರೆದವರ ಹೆಸರು. ಮಸಾಟೊ ಕಾಟೊ. 1995ರ ಕ್ರೋನೊ ಟ್ರಿಗರ್ ಗೇಮಿಗೆ ಕಥೆ ಬರೆದವರಲ್ಲಿ ಒಬ್ಬರು. 1999ರ ಕ್ರೋನೊ ಕ್ರಾಸ್ ಕೂಡ ಅವರದ್ದೇ. ಮುಖ್ಯ ಟ್ಯೂನ್ ಮಾಡಿದ್ದು ಅವೆರಡಕ್ಕೂ ಸಂಗೀತ ಕೊಟ್ಟ ಯಾಸುನೋರಿ ಮಿತ್ಸುಡಾ. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಹಳೇ ಕಂಪ್ಯೂಟರಿನಲ್ಲಿ ಕ್ರೋನೊ ಟ್ರಿಗರ್ ಮುಗಿಸಿದವನಿಗೆ ಇಷ್ಟು ಸಾಕಾಗಿತ್ತು.

ಕಥೆ ಹೀಗೆ. ಬರುವೋಕಿ ಅಂತ ಒಂದು ಸಣ್ಣ ಹಳ್ಳಿ. ಅಲ್ಲಿ ಆಲ್ಡೊ, ಅವನ ತಂಗಿ ಫೀನ್. ಇಬ್ಬರೂ ಕಾಡಿನಲ್ಲಿ ಸಿಕ್ಕ ಮಕ್ಕಳು, ಊರ ಹಿರಿಯ ಸಾಕಿದ್ದು. ಮೃಗಕುಲದ ರಾಜ ಬಂದು ತಂಗಿಯನ್ನು ಹೊತ್ತುಕೊಂಡು ಹೋಗುತ್ತಾನೆ. ಹಿಂದೆ ಓಡಿದ ಅಣ್ಣ ಕಾಲದ ಬಿಲವೊಂದಕ್ಕೆ ಬಿದ್ದು ಎಂಟುನೂರು ವರ್ಷ ಮುಂದೆ ಹೋಗಿ ಏಳುತ್ತಾನೆ. ಅವನ ಕಾಲ ಕ್ರಿ.ಶ. 300. ಬಿದ್ದದ್ದು ಕ್ರಿ.ಶ. 1100ಕ್ಕೆ. ಅಲ್ಲಿ ನೆಲ ಹಾಳಾಗಿ, ಜನ ಆಕಾಶದಲ್ಲಿ ತೇಲುವ ಎಲ್ಜಿಯನ್ ಅನ್ನುವ ನಗರದಲ್ಲಿ ಬದುಕುತ್ತಿರುತ್ತಾರೆ. ಆಮೇಲೆ ಕ್ರಿ.ಪೂ. 20000ಕ್ಕೂ ಹೋಗಬೇಕಾಗುತ್ತೆ. ಇಸವಿಗಳು ನಮ್ಮ ಚರಿತ್ರೆಯವಲ್ಲ, ಆ ಲೋಕದ್ದೇ ಲೆಕ್ಕ. ಆಟದ ಪೂರ್ತಿ ಹೆಸರಿನಲ್ಲೇ ಕಾಲ ದಾಟುವ ಬೆಕ್ಕೊಂದಿದೆ. ಆ ಬೆಕ್ಕು ಯಾಕೆ ಅಲ್ಲಿದೆ ಅಂತ ಮಾತ್ರ ನಾನು ಹೇಳಲ್ಲ. ಅದು ಗೊತ್ತಾದ ದಿನ ನಾನು ಇಳಿಯಬೇಕಾದ ಸ್ಟೇಷನ್ ಬಂದರೂ ಕೂತೇ ಇದ್ದೆ. ಬೋಗಿ ಸ್ವಚ್ಛ ಮಾಡಲು ಬಂದವನು ಎಬ್ಬಿಸಿದ.

ಜೊತೆಗಾರರಲ್ಲಿ ನನಗೆ ಇಷ್ಟ ಸೈರಸ್. ಸಮುರಾಯ್, ಆದರೆ ಶಾಪ ತಗುಲಿ ಕಪ್ಪೆಯಾಗಿದ್ದಾನೆ. ಕಪ್ಪೆ ಮುಖ, ಸೊಂಟದಲ್ಲಿ ಕತ್ತಿ, ಮಾತು ಮಾತ್ರ ಭಾರೀ ಗಾಂಭೀರ್ಯದ ಹಳೇ ಕಾಲದ ಧಾಟಿ. ಸಾಗರದ ಕಡೆ ಯಕ್ಷಗಾನದ ಆಟ ನೋಡಿ ಬೆಳೆದವನು ನಾನು. ಅವನು ಬಾಯಿ ಬಿಟ್ಟಾಗಲೆಲ್ಲ ಎರಡನೇ ವೇಷದವರು ರಂಗಕ್ಕೆ ಬಂದು ಅರ್ಥ ಹೇಳಿದ ಹಾಗೇ ಕೇಳುತ್ತೆ. ಮಗಳಿಗೆ ಓದಿ ಹೇಳುವಾಗ ಈಗ ನಾನು ಅದೇ ರಾಗದಲ್ಲಿ, ‘ಎಲವೋ ದುರುಳ’ ಅಂತಲೇ ಶುರು ಮಾಡೋದು. ಇಂಗ್ಲಿಷ್ ಅನುವಾದದಲ್ಲಿ ಅಷ್ಟು ರುಚಿ ಇಲ್ಲ. ಅಲ್ಲಲ್ಲಿ ಕಾಗುಣಿತ ತಪ್ಪು, ಕೆಲವು ಕಡೆ ಯಾರು ಯಾರಿಗೆ ಹೇಳಿದರು ಅಂತಲೇ ಗೊತ್ತಾಗಲ್ಲ.

ಕಾದಾಟ ಸರದಿ ಮೇಲೆ ನಡೆಯುವಂಥದ್ದು. ಮುಂದೆ ನಾಲ್ಕು ಜನ, ಹಿಂದೆ ಇಬ್ಬರು. ಸುಸ್ತಾದವರನ್ನು ಹಿಂದಕ್ಕೆ ಕಳಿಸಿದರೆ ಅಲ್ಲಿ ಚೇತರಿಸಿಕೊಳ್ಳುತ್ತಾರೆ. ಮೊದಲ ತಿಂಗಳು ನಾನು ಇದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ, ಬಲಶಾಲಿ ನಾಲ್ಕು ಜನರನ್ನೇ ನಿಲ್ಲಿಸಿ ಹೊಡೆಸುತ್ತಿದ್ದೆ. ಒಂದು ದೊಡ್ಡ ರಾಕ್ಷಸನ ಹತ್ತಿರ ಮೂರು ದಿನ ಸತತ ಸೋತೆ. ನಾಲ್ಕನೇ ದಿನ ಮೊದಲ ಸುತ್ತಿನಲ್ಲೇ ಇಬ್ಬರನ್ನು ಒಳಗೆ ಎಳೆದುಕೊಂಡು, ಬಂದ ಏಟು ತಡೆದುಕೊಂಡು, ಎದುರಾಳಿಯ ರಕ್ಷಣೆ ಇಳಿಸುವವರನ್ನು ಮೊದಲು ಬಿಟ್ಟೆ. ಮೇಲಿರುವ ಅನದರ್ ಫೋರ್ಸ್ ಪಟ್ಟಿ ತುಂಬಿತು. ಅದನ್ನು ಒತ್ತಿದರೆ ಕಾಲ ನಿಂತುಬಿಡುತ್ತೆ. ಎದುರಿನವನು ಕೈಯೆತ್ತಿದ ಹಾಗೇ ನಿಂತಿರುತ್ತಾನೆ. ಪಟ್ಟಿ ಖಾಲಿ ಆಗುವ ತನಕ ನೀವು ಒತ್ತಿದಷ್ಟೂ ಏಟು, ಒಂದರ ಮೇಲೊಂದು ಬಿದ್ದ ಹಾಗೆ ಏಟಿನ ಬಲವೂ ಏರುತ್ತೆ. ಹೆಬ್ಬೆರಳು ನೋಯುವ ಹಾಗೆ ಒತ್ತಿದೆ. ಪಟ್ಟಿ ಮುಗಿದಾಗ ರಾಕ್ಷಸ ಇನ್ನೂ ನಿಂತಿದ್ದ, ಚೂರು ಜೀವ ಉಳಿದಿತ್ತು. ಮುಂದಿನ ಸರದಿಯಲ್ಲಿ ಕಪ್ಪೆ ಒಂದೇ ಏಟಿಗೆ ಮುಗಿಸಿತು. ಪಕ್ಕದ ಸೀಟಿನ ಅಜ್ಜಿ ನನ್ನ ಮುಖ ನೋಡಿ ನಕ್ಕರು.

ಈಗ ದುಡ್ಡಿನ ವಿಷಯ. ಆಟ ಪುಕ್ಕಟೆ. ಪಾತ್ರಗಳು ಸಿಗುವುದು ಗಾಚಾದಲ್ಲಿ. ಜಪಾನಿನ ಅಂಗಡಿಗಳ ಮುಂದೆ ನಾಣ್ಯ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಗುಂಡಿನೊಳಗೆ ಏನೋ ಒಂದು ಗೊಂಬೆ ಬೀಳುವ ಯಂತ್ರ ಇರುತ್ತಲ್ಲ, ಆ ಹೆಸರೇ ಇದಕ್ಕೂ ಬಂದಿದ್ದು. ನಮ್ಮ ಕಡೆ ಜಾತ್ರೆಯಲ್ಲಿ ಚೀಟಿ ಎತ್ತಿಸುತ್ತಾರಲ್ಲ, ಅದರ ಅಣ್ಣ. ಇಲ್ಲಿ ನಾಣ್ಯದ ಬದಲು ಕ್ರೋನೋಸ್ ಕಲ್ಲು. 1000 ಕಲ್ಲಿಗೆ ಹತ್ತು ಚೀಟಿ. ಕಥೆ ಆಡುತ್ತಾ, ಊರವರ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತಾ ಹೋದರೆ ಕಲ್ಲು ಸಿಗುತ್ತೆ. ಹತ್ತು ಎತ್ತಿದರೆ ಒಂಬತ್ತು ಸಾಧಾರಣ, ಎಷ್ಟೋ ಸಲ ಹತ್ತೂ ಸಾಧಾರಣ. ಯಾವುದು ಬರುವ ಸಂಭವ ಎಷ್ಟು ಅಂತ ಶೇಕಡಾ ಲೆಕ್ಕ ಆಟದೊಳಗೇ ಹಾಕಿದ್ದಾರೆ. ಓದಿದರೆ ಕೈ ತಾನಾಗಿ ಹಿಂದೆ ಸರಿಯುತ್ತೆ. ಓದೋರು ಕಡಿಮೆ, ಅಷ್ಟೇ.

ಜಪಾನಿನಲ್ಲಿ ಈ ಗಾಚಾದ ಒಂದು ಬಗೆ, ಅಂದರೆ ಇಂತಿಷ್ಟು ಬೇರೆ ಬೇರೆ ವಸ್ತು ಪೂರ್ತಿ ಕೂಡಿಸಿದರೆ ಮಾತ್ರ ದೊಡ್ಡ ಬಹುಮಾನ ಅನ್ನುವ ‘ಕಂಪ್ಲೀಟ್ ಗಾಚಾ’ ಕಾನೂನಿಗೆ ವಿರುದ್ಧ ಅಂತ ಅಲ್ಲಿನ ಗ್ರಾಹಕ ವ್ಯವಹಾರ ಇಲಾಖೆ 2012ರಲ್ಲೇ ಹೇಳಿತು. ಮಾಮೂಲಿ ಗಾಚಾ ಉಳಿದುಕೊಂಡಿತು. ನಾವು ಆಡುತ್ತಿರುವುದು ಆ ಉಳಿದದ್ದನ್ನೇ.

ನಾನು ಆರು ವರ್ಷದಲ್ಲಿ ಹಾಕಿದ್ದು ಸುಮಾರು 140 ಡಾಲರ್. ಅದರಲ್ಲಿ 60 ಡಾಲರ್ ಒಂದೇ ರಾತ್ರಿ ಹೋಯಿತು. ಆಫೀಸಿನಲ್ಲಿ ಬಡ್ತಿ ತಪ್ಪಿದ ದಿನ. ಹೊಸ ಪಾತ್ರದ ಚಿತ್ರ ಚೆನ್ನಾಗಿತ್ತು, ಬುದ್ಧಿ ನೆಟ್ಟಗಿರಲಿಲ್ಲ. ಹತ್ತು ಎತ್ತಿದೆ, ಬರಲಿಲ್ಲ. ಇನ್ನೊಂದು ಹತ್ತು. ‘ಇಷ್ಟು ಹಾಕಾಯ್ತು, ಇನ್ನೊಂದು ಸಲ’ ಅಂತ ಅನಿಸಿತಲ್ಲ, ಆಗ ತಾತನ ನೆನಪಾಯಿತು. ದೀಪಾವಳಿಗೆ ಅಂದರ್ ಬಾಹರ್‌ಗೆ ಕೂತ ತಾತನೂ ಇದೇ ಮಾತು ಹೇಳುತ್ತಿದ್ದರು. ಆ ಪಾತ್ರ ಕೊನೆಗೂ ಬರಲಿಲ್ಲ. ತಪ್ಪು ನನ್ನದೇ, ಒತ್ತಿದ್ದು ನನ್ನ ಬೆರಳು. ಅವತ್ತಿಂದ ಒಂದು ನಿಯಮ: ದುಡ್ಡು ಕೊಟ್ಟರೆ ಬೇಕಾದವರನ್ನು ಖಾತ್ರಿಯಾಗಿ ಆರಿಸಿಕೊಳ್ಳಬಹುದಾದ ಪ್ಯಾಕ್ ಮಾತ್ರ, ವರ್ಷಕ್ಕೆ ಒಂದು ಸಲ, ಅದೂ ಮನಸ್ಸಾದರೆ.

ಚೀಟಿ ಎತ್ತದೆಯೂ ಆಟ ಮುಗಿಸಬಹುದಾ? ಮುಖ್ಯ ಕಥೆಯನ್ನು ಧಾರಾಳವಾಗಿ ಮುಗಿಸಬಹುದು. ಆಲ್ಡೊ, ಏಮಿ, ರಿಕಾ ಅನ್ನುವ ಯಂತ್ರಹುಡುಗಿ, ಕಪ್ಪೆ ಎಲ್ಲ ಪುಕ್ಕಟೆಯಾಗೇ ಸೇರುತ್ತಾರೆ. ಅವರನ್ನು ಮೇಲಿನ ದರ್ಜೆಗೆ ಏರಿಸಲು ಪುಸ್ತಕಗಳು ಬೇಕು. ಅವು ಅನದರ್ ಡಂಜನ್ ಅನ್ನುವ ಗುಹೆಗಳಲ್ಲಿ ಸಿಗುತ್ತವೆ. ಗುಹೆಗೆ ಹೋಗಲು ಹಸಿರು ಕೀಲಿ, ಕೆಂಪು ಕೀಲಿ. ದಿನಕ್ಕೆ ಇಂತಿಷ್ಟೇ. ಸ್ಟ್ಯಾಮಿನಾ ಇಲ್ಲ ಅಂದೆನಲ್ಲ, ಅದರ ಬೀಗ ಇಲ್ಲಿದೆ ನೋಡಿ. ನನಗೆ ಬೇಕಾದ ಒಂದು ಪುಸ್ತಕ ಬೀಳಲು ನಾಲ್ಕು ತಿಂಗಳು ಹಿಡಿಯಿತು. ದಿನಾ ಬೆಳಿಗ್ಗೆ ಚಹಾಕ್ಕೆ ನೀರು ಇಟ್ಟು ಒಂದು ಗುಹೆ. ಬೇಸರದ ಕೆಲಸ, ಸುಳ್ಳು ಹೇಳಲ್ಲ. ಅದಕ್ಕಿಂತ ಮೀನು ಹಿಡಿಯುವುದೇ ವಾಸಿ. ಹುಳ ಹಾಕು, ಗಾಳ ಬಿಡು, ಕಾಯಿ. ಕೆಲವೊಮ್ಮೆ ಮೀನಿನ ಬದಲು ರಾಕ್ಷಸನೇ ಕಚ್ಚಿಕೊಂಡು ಮೇಲೆ ಬರುತ್ತೆ.

ಜಾಸ್ತಿ ಆಡಿದ ಮೇಲೆ ತಲೆನೋವು ಬೇರೆ ಥರದ್ದು. ಗ್ರಾಸ್ಟಾ ಅಂತ ಒಂದು ವ್ಯವಸ್ಥೆ ಇದೆ. ಒಡವೆಗೆ ಹರಳು ಕೂರಿಸಿದ ಹಾಗೆ ಪ್ರತಿ ಪಾತ್ರಕ್ಕೂ ಹರಳು ಕೂರಿಸಬೇಕು. ಯಾವುದಕ್ಕೆ ಯಾವುದು ಅಂತ ಆಟ ಸರಿಯಾಗಿ ಹೇಳಿಕೊಡಲ್ಲ. ನಾನು ಒಂದು ಎಕ್ಸೆಲ್ ಶೀಟ್ ಇಟ್ಟುಕೊಂಡಿದ್ದೇನೆ, ಹೆಂಡತಿ ಅದನ್ನು ಮನೆಯ ಬಜೆಟ್ ಅಂದುಕೊಂಡು ತೆರೆದು ದಂಗಾದಳು. ಇನ್ನೊಂದು, ಒಂದೇ ಪಾತ್ರ ಮೂರು ಥರದಲ್ಲಿ ಬರುತ್ತೆ. ಮಾಮೂಲಿ, ಅನದರ್ ಸ್ಟೈಲ್, ಎಕ್ಸ್‌ಟ್ರಾ ಸ್ಟೈಲ್. ಮುಹೂರ್ತಕ್ಕೊಂದು ಸೀರೆ, ಆರತಕ್ಷತೆಗೊಂದು, ಬೀಗರೂಟಕ್ಕೊಂದು. ಹುಡುಗಿ ಅವಳೇ. ಅಂಗಡಿಯ ಬಿಲ್ಲು ಮಾತ್ರ ಬೇರೆ ಬೇರೆ.

ಬೇರೆ ಗೇಮ್‌ಗಳ ಜೊತೆ ಸೇರಿ ಮಾಡಿದ ಕಥೆಗಳನ್ನು ಹೇಳದೆ ಇದ್ದರೆ ತಪ್ಪಾಗುತ್ತೆ. ಮೊದಲು ಪರ್ಸೋನಾ 5, ಆಮೇಲೆ ಟೇಲ್ಸ್ ಸರಣಿ, 2021ರ ಡಿಸೆಂಬರ್‌ನಲ್ಲಿ ಕ್ರೋನೊ ಕ್ರಾಸ್. ಬೇರೆ ಕಡೆ ಇಂಥದ್ದು ಬಂದರೆ ಲೈಸೆನ್ಸ್ ಮುಗಿದ ದಿನವೇ ಮಾಯ. ಇಲ್ಲಿ ಹಾಗಾಗಲಿಲ್ಲ. ಕ್ರೋನೊ ಕ್ರಾಸ್ ಕಥೆ ಬಂದಾಗ ನಾನು ಡಯಾಪರ್ ಬದಲಿಸುತ್ತಿದ್ದೆ. ಆರು ತಿಂಗಳು ತಡವಾಗಿ ತೆರೆದರೂ ಸರ್ಜ್, ಕಿಡ್, ಹಾರ್ಲೆ ಮೂವರೂ ನನಗಾಗಿ ಅಲ್ಲೇ ಇದ್ದರು. ಚೀಟಿ ಎತ್ತಬೇಕಿಲ್ಲ, ಕಥೆ ಆಡಿದರೆ ಸೇರುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಬರೆದ ಪಾತ್ರಗಳಿಗೆ ಅದೇ ಮಸಾಟೊ ಕಾಟೊ ಮತ್ತೆ ಮಾತು ಕೊಟ್ಟಿದ್ದು. ಅದನ್ನು ಓದುತ್ತಾ ಮಗುವಿಗೆ ಹಾಲು ಬಿಸಿ ಮಾಡಲು ಇಟ್ಟದ್ದು ಮರೆತು ಉಕ್ಕಿಸಿದೆ.

ಹಾಗಂತ ಇದು ಶಾಶ್ವತ ಅಂತಲ್ಲ. ಡ್ರಗಾಲಿಯಾ ಲಾಸ್ಟ್ ಅಂತ ಒಂದು ಆಟ ಇತ್ತು. ನಿಂಟೆಂಡೊ, ಸೈಗೇಮ್ಸ್ ಸೇರಿ ಮಾಡಿದ್ದು. 2018ರಲ್ಲಿ ಶುರುವಾಗಿ 2022ರ ನವೆಂಬರ್ 30ಕ್ಕೆ ಮುಚ್ಚಿತು. ಅಷ್ಟು ದೊಡ್ಡವರ ಆಟಕ್ಕೇ ಹೀಗಾದರೆ, ಇದೂ ಒಂದು ದಿನ ಮುಚ್ಚಬಹುದು. ನಾನು ಕೊಟ್ಟ 140 ಡಾಲರ್ ಬಾಡಿಗೆ ಅಂತಲೇ ಲೆಕ್ಕ ಹಾಕಿಕೊಂಡಿದ್ದೇನೆ, ಆಸ್ತಿ ಅಂತಲ್ಲ. 2021ರಿಂದ ಕಂಪ್ಯೂಟರಿಗೆ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲೂ ಇದು ಸಿಗುತ್ತೆ. ನಾನು ಅಲ್ಲಿ ಆಡಿಲ್ಲ, ಆದ್ದರಿಂದ ಮಾತಾಡಲ್ಲ.

ಒಂದು ಸಲ ಎಲ್ಲ ಕಳೆದುಕೊಳ್ಳುವುದರಲ್ಲಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಫೋನ್ ಕೈಜಾರಿ ಬಿತ್ತು. ಸ್ಕ್ರೀನ್ ಕಪ್ಪು. ಬೇರೆ ಫೋನಿಗೆ ಆಟ ಸಾಗಿಸಲು ಬೇಕಾದ ವಿವರ ಎಲ್ಲೂ ಬರೆದಿಟ್ಟಿರಲಿಲ್ಲ. ನಾಲ್ಕು ವರ್ಷ ಆಡಿದರೂ ಆ ಬುದ್ಧಿ ಬಂದಿರಲಿಲ್ಲ. ಎಡಿಸನ್‌ನ ಓಕ್ ಟ್ರೀ ರೋಡಿನಲ್ಲಿ ಫೋನ್ ರಿಪೇರಿ ಮಾಡುವ ಒಬ್ಬ ಗುಜರಾತಿ ಹುಡುಗ ಹಳೇ ಸ್ಕ್ರೀನ್ ತಂದು ಹತ್ತು ನಿಮಿಷಕ್ಕೆ ತಾತ್ಕಾಲಿಕವಾಗಿ ಜೋಡಿಸಿಕೊಟ್ಟ. ಅವನ ಕೌಂಟರಿನ ಮೇಲೇ ವಿವರ ತೆಗೆದು ರಸೀದಿ ಹಿಂಭಾಗಕ್ಕೆ ಬರೆದುಕೊಂಡೆ. ಬ್ಯಾಂಕಿನ ಕೆಲಸ ಅಂದುಕೊಂಡು ಪಾಪ ಗಾಬರಿಯಿಂದ ಮಾಡಿದ. ಕಪ್ಪೆಗೋಸ್ಕರ ಅಂತ ನಾನೂ ಹೇಳಲಿಲ್ಲ. ನೀವು ಇಳಿಸಿಕೊಂಡರೆ ಮೊದಲ ದಿನವೇ ಆ ಕೆಲಸ ಮಾಡಿಡಿ. ವೈಫೈ ಇರುವ ಕಡೆ ಇಳಿಸಿ, ಗಾತ್ರ ಹಲವು ಜಿಬಿ. ಜಾಗ ಕಡಿಮೆ ಇರುವ ಫೋನಿಗೆ ಕಷ್ಟ.

ಗೆಳೆಯರ ಜೊತೆ ಪೈಪೋಟಿಗೆ ಆಡಬೇಕು ಅನ್ನುವವರಿಗೆ ಇದು ಆಗಲ್ಲ. ಇಲ್ಲಿ ಒಬ್ಬರೇ ಆಡಬೇಕು. ಡೈಲಾಗ್ ಓದದೆ ಸ್ಕಿಪ್ ಒತ್ತುವವರಿಗೂ ಬೇಡ. ನಿಧಾನಕ್ಕೆ ಓದುವ, ಮಧ್ಯೆ ಆರು ತಿಂಗಳು ಮರೆತುಬಿಡುವ ಸ್ವಭಾವದವರಿಗೆ ಮಾತ್ರ ಹೇಳುತ್ತೇನೆ. ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ನಾಲ್ಕು ತಿಂಗಳು ಕಾಯಿಸಿದ ಆ ಪುಸ್ತಕಕ್ಕೆ.

ಈಗ ಮಗಳಿಗೆ ನಾಲ್ಕು ತುಂಬಿದೆ. ಅವಳಿಗೆ ಕಾದಾಟ ಬೇಡ. ಊರೂರಲ್ಲಿ ಬೆಕ್ಕುಗಳು ಕೂತಿರುತ್ತವೆ, ಅವನ್ನು ಹುಡುಕಿ ಮಾತಾಡಿಸಬೇಕು, ಅಷ್ಟೇ. ಹೋದ ಭಾನುವಾರ ಅಮ್ಮ ಸಾಗರದಿಂದ ವಿಡಿಯೋ ಕಾಲ್ ಮಾಡಿದ್ದರು. ‘ಏನೋ, ಇನ್ನೂ ಅದೇ ಬೆಕ್ಕಿನ ಆಟ ಆಡ್ತಿದೀಯೇನೋ?’ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ಫೋನ್ ಕಸಿದುಕೊಂಡು, ‘ಅಜ್ಜಿ, ಒಂದು ನಿಮಿಷ ಇರಿ, ಬೆಕ್ಕು ಸಿಗ್ತಾ ಇದೆ’ ಅಂದವಳೇ ಕಾಲ್ ಕಟ್ ಮಾಡಿದಳು.