ಪ್ರಾಜೆಕ್ಟ್ ಜೆಆರ್‌ಎಫ್ ಹುದ್ದೆಗೆ ಸೇರುವ ಮುನ್ನ ಪಿಎಚ್‌ಡಿ ನೋಂದಣಿಯ ಬಗ್ಗೆ ವಿಚಾರಿಸಿ

ಎಂ.ಎಸ್‌ಸಿ. ಮುಗಿಸಿ ವಿಶ್ವವಿದ್ಯಾಲಯಗಳ ಪ್ರಾಜೆಕ್ಟ್ ಜೆಆರ್‌ಎಫ್ (ಸಂಶೋಧನಾ ಯೋಜನೆಯೊಂದರ ಕಿರಿಯ ಸಂಶೋಧನಾ ಫೆಲೋ) ಪ್ರಕಟಣೆಗಳಿಗೆ ಅರ್ಜಿ ಹಾಕುತ್ತಿರುವವರು ದಯವಿಟ್ಟು ಇದನ್ನು ಓದಿ. ಇಂತಹ ಪ್ರಕಟಣೆಯ ಕೊನೆಯಲ್ಲಿ ‘ಅರ್ಹರಿಗೆ ಪಿಎಚ್‌ಡಿ ನೋಂದಣಿಗೆ ಅವಕಾಶವಿದೆ’ ಎಂಬ ಸಾಲು ಬಹಳ ಸಲ ಇರುತ್ತದೆ. ಆ ಸಾಲು ಯಾರಿಗೂ ಯಾವ ಹೊಣೆಯನ್ನೂ ಹೊರಿಸುವುದಿಲ್ಲ.

ನಾನು ಸೇರಿದ್ದು ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ, ಕೇಂದ್ರದ ಅನುದಾನದ ಮೂರು ವರ್ಷಗಳ ಯೋಜನೆಗೆ. ‘ಆರು ತಿಂಗಳಲ್ಲಿ ನೋಂದಣಿ ಮಾಡಿಸೋಣ’ ಎಂದು ಪ್ರಾಧ್ಯಾಪಕರು ಸಂದರ್ಶನದಲ್ಲೇ ಹೇಳಿದ್ದರು. ಆಮೇಲೆ ಪ್ರವೇಶದ ಅಧಿಸೂಚನೆ ಹೊರಬಿದ್ದಿಲ್ಲ ಎಂದರು. ಹೊರಬಿದ್ದಾಗ ಅವರ ಹೆಸರಿನ ಮುಂದೆ ಖಾಲಿ ಸ್ಥಾನವೇ ಇರಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಏಕಕಾಲಕ್ಕೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾತ್ರ ಮಾರ್ಗದರ್ಶಕರಾಗಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಒಂದು ಸ್ಥಾನ ತೆರವಾಗುವ ಹೊತ್ತಿಗೆ ಅವರ ಸೇವಾವಧಿ ಆ ಮಿತಿಗಿಂತ ಕೆಳಗೆ ಇಳಿದಿತ್ತು. ಎಷ್ಟು ವಿದ್ಯಾರ್ಥಿಗಳಿದ್ದಾರೆ, ನಿವೃತ್ತಿ ಯಾವಾಗ ಎಂಬುದು ಸಂದರ್ಶನದ ದಿನವೂ ಅವರಿಗೆ ಗೊತ್ತಿದ್ದ ಸಂಗತಿಯೇ. ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೆ.

ಇನ್ನು ಹಣ. 2023ರ ಜನವರಿಯಿಂದ ಅನ್ವಯವಾಗುವಂತೆ ಜೆಆರ್‌ಎಫ್ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಕಾಗದದ ಮೇಲೆ ಒಳ್ಳೆಯ ಮೊತ್ತವೇ. ಆದರೆ ಯೋಜನೆಯ ಹಣ ಕಂತುಗಳಲ್ಲಿ ಬರುತ್ತದೆ; ಹಿಂದಿನ ಕಂತು ಹೇಗೆ ಖರ್ಚಾಯಿತೆಂಬ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನದು ಬಿಡುಗಡೆಯಾಗುವುದಿಲ್ಲ. ನಮ್ಮ ಕಡತ ಹಣಕಾಸು ವಿಭಾಗದಲ್ಲಿ ಕೊಳೆಯುತ್ತಿದ್ದ ತಿಂಗಳುಗಳಲ್ಲಿ ನನ್ನ ಖಾತೆಗೆ ಒಂದು ಪೈಸೆಯೂ ಬರಲಿಲ್ಲ. ಬಾಡಿಗೆಯನ್ನು ಅಪ್ಪ ಊರಿನಿಂದ ಕಳುಹಿಸುತ್ತಿದ್ದರು. ಪ್ರಯೋಗಾಲಯಕ್ಕೆ ಮಾತ್ರ ಭಾನುವಾರವೂ ಹೋಗಲೇಬೇಕಿತ್ತು. ಹಾಗೆ ದುಡಿದು ನಾನು ತಯಾರಿಸಿದ ಸಂಯುಕ್ತಗಳ ವಿವರ ಈಗ ಅದೇ ಪ್ರಯೋಗಾಲಯದ ಇನ್ನೊಬ್ಬರ ಮಹಾಪ್ರಬಂಧದಲ್ಲಿದೆ.

ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರ ಫೆಲೋಶಿಪ್ ಅವರ ಹೆಸರಿಗೆ ಬಂದದ್ದು; ಎಲ್ಲ ಸರಿಯಿದ್ದರೆ ಐದು ವರ್ಷದವರೆಗೆ ನಡೆಯುತ್ತದೆ. ಪ್ರಾಜೆಕ್ಟ್ ಜೆಆರ್‌ಎಫ್ ಹಾಗಲ್ಲ, ಯೋಜನೆ ಮುಗಿದ ದಿನ ಹುದ್ದೆಯೂ ಮುಗಿಯುತ್ತದೆ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ ಬೇಕೇ ಬೇಕು. ಹೀಗಾಗಿ ನೋಂದಣಿ ತಡವಾಗಿ ಸಿಕ್ಕರೂ ಕೊನೆಯ ವರ್ಷಗಳನ್ನು ಶಿಷ್ಯವೇತನವಿಲ್ಲದೆ ಕಳೆಯಬೇಕಾಗಬಹುದು.

ಆದ್ದರಿಂದ ಸೇರುವ ಮೊದಲೇ ಇಮೇಲ್‌ನಲ್ಲಿ ಕೇಳಿ: ಮಾರ್ಗದರ್ಶಕರ ಬಳಿ ಎಷ್ಟು ಸ್ಥಾನ ಖಾಲಿ ಇದೆ, ಅವರ ನಿವೃತ್ತಿ ಯಾವಾಗ, ಯೋಜನೆ ಮಂಜೂರಾದದ್ದು ಯಾವಾಗ, ಇನ್ನೆಷ್ಟು ಅವಧಿ ಉಳಿದಿದೆ. ಉತ್ತರವೂ ಬರಹದಲ್ಲೇ ಇರಲಿ. ಆ ಪ್ರಯೋಗಾಲಯ ಬಿಟ್ಟುಹೋದವರನ್ನು ಹುಡುಕಿ ಮಾತನಾಡಿ. ಒಳಗಿರುವವರು ಮಾರ್ಗದರ್ಶಕರ ಭಯದಲ್ಲಿ ಬಾಯಿ ಬಿಡುವುದಿಲ್ಲ. ಅನುಭವ ಪ್ರಮಾಣಪತ್ರವನ್ನು ವರ್ಷ ತುಂಬಿದಾಗಲೆಲ್ಲ ಪಡೆದಿಟ್ಟುಕೊಳ್ಳಿ. ನಾನು ಹೊರಬಂದ ಮೇಲೆ ಅದೊಂದು ಸಹಿಗಾಗಿ ತಿಂಗಳುಗಟ್ಟಲೆ ಅಲೆದಿದ್ದೇನೆ.